ಮುಖ ಬಿಗಿಯುತ್ತಿದೆಯೇ? ಎಣ್ಣೆ ಹಚ್ಚುವ ಮುನ್ನ ಇದನ್ನು ಓದಿ

ದೀಪಾವಳಿ ಮುಗಿದು ಒಣ ಚಳಿಗಾಳಿ ಶುರುವಾದರೆ ಹಾರೂಗೇರಿ, ರಾಯಬಾಗ, ಅಥಣಿ ಭಾಗದಲ್ಲಿ ಹಲವರಿಗೆ ಮುಖ ಬಿಗಿಯುತ್ತದೆ, ಕೆನ್ನೆ ಬಿರಿಯುತ್ತದೆ. ನಸುಕಿನಲ್ಲೇ ಕಬ್ಬು ಕಡಿಯಲು ಹೋಗುವವರಿಗಂತೂ ಇದು ಇನ್ನೂ ಹೆಚ್ಚು. ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳೂ ಬರುತ್ತವೆ: ಕ್ರೀಮು ಕೆಮಿಕಲ್, ಅದನ್ನು ಬಿಡಿ, ಗಾಣದ ಎಣ್ಣೆ ಹಚ್ಚಿ, ಅಡ್ಡ ಪರಿಣಾಮವೇ ಇಲ್ಲ. ಇದರಲ್ಲಿ ಅರ್ಧ ಮಾತ್ರ ನಿಜ.

ಎಣ್ಣೆ ಏನು ಮಾಡುತ್ತದೆ?

ಮುಖ ಬಿಗಿಯುವುದು ಚರ್ಮದ ಹೊರಪದರದಲ್ಲಿ ನೀರು ಕಡಿಮೆಯಾದಾಗ. ಆ ಪದರದ ಜೀವಕೋಶಗಳ ನಡುವೆ ಕೊಬ್ಬಿನ ಅಂಶ ಇರುತ್ತದೆ, ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯಂತೆ. ಒಣ ಗಾಳಿ, ಬಿಸಿನೀರು, ಖಾರವಾದ ಸೋಪು ಈ ಗಾರೆಯನ್ನು ಸವೆಸುತ್ತವೆ. ಆಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ.

ಎಣ್ಣೆಯಲ್ಲಿ ನೀರಿಲ್ಲ. ಹಾಗಾಗಿ ಅದು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೊರಹೋಗದಂತೆ ತಡೆಯುತ್ತದೆ. ಪೂರ್ತಿ ಒಣಗಿದ ಮುಖಕ್ಕೆ ಹಚ್ಚಿದರೆ ಹೊಳಪು ಬರಬಹುದು, ಬಿಗಿತ ಅಷ್ಟಾಗಿ ಹೋಗುವುದಿಲ್ಲ. ಮುಖ ತೊಳೆದು, ಟವೆಲ್‌ನಿಂದ ಮೆಲ್ಲಗೆ ಒತ್ತಿ, ಇನ್ನೂ ಹಸಿ ಇರುವಾಗಲೇ ನಾಲ್ಕೈದು ಹನಿ ಹಚ್ಚಬೇಕು.

ಎಲ್ಲ ಎಣ್ಣೆಯೂ ಒಂದೇ ಅಲ್ಲ

ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳಲ್ಲಿ ಲಿನೋಲಿಕ್ ಆಮ್ಲವು ಚರ್ಮದ ಗಾರೆಗೆ ಬೇಕಾದದ್ದು. ಓಲಿಕ್ ಆಮ್ಲ ಹೆಚ್ಚಾದರೆ ಆ ಗಾರೆಯೇ ಸಡಿಲವಾಗಬಹುದು. ಬ್ರಿಟನ್ನಿನಲ್ಲಿ 19 ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓಲಿಕ್ ಹೆಚ್ಚಿರುವ ಆಲಿವ್ ಎಣ್ಣೆಯನ್ನು ಕೆಲವು ವಾರ ಹಚ್ಚಿದಾಗ ಚರ್ಮದ ರಕ್ಷಣೆ ಕುಗ್ಗಿತು. ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗಲಿಲ್ಲ, ತೇವಾಂಶವೂ ಹೆಚ್ಚಿತು. ಅಧ್ಯಯನ ಚಿಕ್ಕದು, ಆದರೆ ದುಬಾರಿ ಆಲಿವ್ ಎಣ್ಣೆಯೇ ಶ್ರೇಷ್ಠ ಎಂದು ನಂಬಬೇಕಿಲ್ಲ ಎನ್ನಲು ಸಾಕು. ನಮ್ಮ ಉತ್ತರ ಕರ್ನಾಟಕದ ಕುಸುಬಿ ಎಣ್ಣೆಯ ಸಾಮಾನ್ಯ ತಳಿಗಳಲ್ಲೂ ಲಿನೋಲಿಕ್ ಆಮ್ಲವೇ ಹೆಚ್ಚು.

ಕೊಬ್ಬರಿ ಎಣ್ಣೆ? 2004ರಲ್ಲಿ ಫಿಲಿಪೀನ್ಸ್‌ನಲ್ಲಿ ಒಣಚರ್ಮದ 34 ಜನರ ಕಾಲಿನ ಮೇಲೆ ಅದನ್ನು ಪೆಟ್ರೋಲಿಯಂನಿಂದ ತಯಾರಾಗುವ ಮಿನರಲ್ ಆಯಿಲ್ ಜೊತೆ ಹೋಲಿಸಿ ನೋಡಿದರು. ಎರಡೂ ಸುಮಾರು ಒಂದೇ ಫಲ ಕೊಟ್ಟವು. ಅಂದರೆ ಕೊಬ್ಬರಿ ಎಣ್ಣೆ ಕೆಲಸ ಮಾಡುತ್ತದೆ, ‘ಕೆಮಿಕಲ್’ ಎಂದು ಬೈಸಿಕೊಂಡದ್ದೂ ಅಷ್ಟೇ ಕೆಲಸ ಮಾಡುತ್ತದೆ. ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜೆಲ್ಲಿ ನೀರನ್ನು ಎಣ್ಣೆಗಿಂತ ಚೆನ್ನಾಗಿ ಹಿಡಿದಿಡುತ್ತದೆ.

ಯಾರು ಎಚ್ಚರ ವಹಿಸಬೇಕು?

ಮೊಡವೆ ಇರುವವರಿಗೆ ಕೊಬ್ಬರಿ ಎಣ್ಣೆ ರಂಧ್ರ ಮುಚ್ಚಿ ಮೊಡವೆ ಹೆಚ್ಚಿಸಬಹುದು. ಹುಬ್ಬು, ಮೂಗಿನ ಪಕ್ಕ ಹೊಟ್ಟಿನಂತೆ ಸಿಪ್ಪೆ ಏಳುತ್ತಿದ್ದರೆ ಅದು ಬರೀ ಒಣಚರ್ಮ ಆಗಿರಲಿಕ್ಕಿಲ್ಲ. ಚರ್ಮದ ಮೇಲಿನ ಒಂದು ಬಗೆಯ ಶಿಲೀಂಧ್ರ ಇದಕ್ಕೆ ಸಂಬಂಧಿಸಿದ್ದು, ಅದು ಬದುಕುವುದೇ ಕೊಬ್ಬಿನ ಮೇಲೆ. ಅಲ್ಲಿ ಎಣ್ಣೆ ಹಚ್ಚಿದರೆ ಉಲ್ಬಣಿಸಬಹುದು. ಎಣ್ಣೆಗೆ ನಿಂಬೆರಸ ಬೆರೆಸಿ ಹಚ್ಚುವ ಸಲಹೆಯನ್ನಂತೂ ಪಾಲಿಸಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು: ಮುಖದ ಮೇಲೋ ಮೈಮೇಲೋ ತಿಳಿಬಣ್ಣದ ಅಥವಾ ಕೆಂಪಗಿನ ಒಣ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು, ಬಿಸಿ, ನೋವು ಸರಿಯಾಗಿ ಗೊತ್ತಾಗದಿದ್ದರೆ ಎಣ್ಣೆ ಹಚ್ಚುತ್ತ ತಿಂಗಳು ಕಳೆಯಬೇಡಿ. ಅದು ಕುಷ್ಠರೋಗದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ತಡವಾದರೆ ನರಗಳಿಗೆ ಆಗುವ ಹಾನಿ ಮಾತ್ರ ಉಳಿದುಬಿಡಬಹುದು. ಒಣಚರ್ಮದ ಜೊತೆ ವಿಪರೀತ ಸುಸ್ತು, ತೂಕ ಏರುವುದು, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಾಗಾದರೆ ಏನು ಮಾಡಬೇಕು?

ಉಗುರುಬೆಚ್ಚಗಿನ ನೀರು ಬಳಸಿ, ಮುಖಕ್ಕೆ ಸೋಪು ಕಡಿಮೆ ಮಾಡಿ. ಹೊಸ ಎಣ್ಣೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ತುರಿಕೆ, ಉರಿ ಬಂದರೆ ಬಿಡಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಕ್ರೀಮನ್ನು ಕೇಳದೆ ಹಚ್ಚಬೇಡಿ, ಅದು ಮುಖದ ಚರ್ಮವನ್ನು ತೆಳುವಾಗಿಸುತ್ತದೆ.

ಮನೆಯ ಎಣ್ಣೆ ಕೆಟ್ಟದ್ದಲ್ಲ, ಎಲ್ಲರಿಗೂ ಎಲ್ಲದಕ್ಕೂ ಮದ್ದೂ ಅಲ್ಲ. ಮುಂದಿನ ಸಲ ಎಣ್ಣೆಯ ಫಾರ್ವರ್ಡ್ ಬಂದರೆ, ಸ್ಪರ್ಶ ತಿಳಿಯದ ಮಚ್ಚೆಯ ವಿಷಯವನ್ನೂ ಜೊತೆಗೆ ಕಳಿಸಿ. ಗುಂಪಿನಲ್ಲಿ ಯಾರಿಗೋ ಅದೇ ಬೇಕಾಗಿರಬಹುದು.