ನಾಣ್ಯ ಚಿಮ್ಮಿ ಕೊಡುವ ನ್ಯಾಯ



ಸರಿಸಮನಾಗಿ ಆಡಿದ ಎರಡು ತಂಡಗಳಲ್ಲಿ ಒಂದಕ್ಕೆ ಗೆಲುವನ್ನು ಕೊಡಲೇಬೇಕಾದಾಗ ಯಾವ ಆಧಾರದ ಮೇಲೆ ಕೊಡಬೇಕು? ಇದು ಮಕ್ಕಳಾಟದ ಪ್ರಶ್ನೆಯೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಿಳಿದವನಲ್ಲ. ಮಗು ನ್ಯಾಯದ ಮೊದಲ ಪಾಠವನ್ನು ಕಲಿಯುವುದು ಆಟದ ಬಯಲಿನಲ್ಲಿಯೇ. "ಅವನಿಗೆ ಸರದಿ ಬಂತು, ನನಗೆ ಬರಲೇ ಇಲ್ಲ" ಎಂಬ ದೂರನ್ನು ಕೇಳದ ಮೇಷ್ಟರು ಯಾರಿದ್ದಾರೆ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಫುಟ್‌ಬಾಲಿನ ಹೆಚ್ಚುವರಿ ಅವಧಿಯ ಹಳೆಯ ನಿಯಮವನ್ನು ಬಹಳ ಹುರುಪಿನಿಂದ ಸಮರ್ಥಿಸುತ್ತಾನೆ. ಆ ಆಟದಲ್ಲಿ ಚೆಂಡು ಕೈಯಲ್ಲಿರುವ ತಂಡ ಮುನ್ನುಗ್ಗುತ್ತದೆ, ಇನ್ನೊಂದು ತಂಡ ತಡೆಯುತ್ತದೆ. 1974ರಿಂದ ಲೀಗ್ ಪಂದ್ಯಗಳಲ್ಲಿಯೂ ಆಟ ಸಮವಾದರೆ, ಮೊದಲು ಅಂಕ ಗಳಿಸಿದವರೇ ವಿಜಯಿಗಳೆಂದಾಯಿತು. ಆದುದರಿಂದ ಟಾಸ್ ಗೆದ್ದವರು ಚೆಂಡನ್ನೇ ಬೇಡುತ್ತಿದ್ದರು. ಮುಂದೆ ನಿಯಮವನ್ನು ಸ್ವಲ್ಪ ಸಡಿಲಿಸಿದರೂ, ಮೊದಲ ಸರದಿಯಲ್ಲಿಯೇ 'ಟಚ್‌ಡೌನ್' ಆದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. 2022ರ ಜನವರಿ 23ರಂದು ಕಾನ್ಸಾಸ್ ಸಿಟಿ ಮತ್ತು ಬಫಲೋ ತಂಡಗಳು 36–36ರಲ್ಲಿ ನಿಂತಿದ್ದವು. ಟಾಸ್ ಗೆದ್ದ ಕಾನ್ಸಾಸ್ ಸಿಟಿ ಟಚ್‌ಡೌನ್ ಗಳಿಸಿ 42–36ರಿಂದ ಗೆದ್ದಿತು. ನಿಗದಿತ ಅವಧಿಯಲ್ಲಿ ಇನ್ನು 13 ಸೆಕೆಂಡುಗಳಷ್ಟೇ ಉಳಿದಿದ್ದಾಗ ಬಫಲೋಗೆ ಮುನ್ನಡೆ ತಂದುಕೊಟ್ಟಿದ್ದ ಜಾಷ್ ಅಲೆನ್, ಹೆಚ್ಚುವರಿ ಅವಧಿಯಲ್ಲಿ ಚೆಂಡನ್ನು ಮುಟ್ಟಲೇ ಇಲ್ಲ.

"ಮೇಷ್ಟ್ರೇ, ತಡೆಯುವುದೂ ಆಟದ ಅರ್ಧ ಭಾಗವಲ್ಲವೇ? ತಡೆಯಲಾರದವರು ಸೋತರು" ಎನ್ನುತ್ತಾನೆ ನನ್ನ ಶಿಷ್ಯ. ಒಪ್ಪಿದೆನಪ್ಪಾ. ಹಾಗಾದರೆ ಗೆದ್ದವರು ಏನನ್ನು ತಡೆದರು? ಅರ್ಧ ಪರೀಕ್ಷೆಯನ್ನು ಒಬ್ಬನಿಗೂ ಉಳಿದರ್ಧವನ್ನು ಇನ್ನೊಬ್ಬನಿಗೂ ಕೊಟ್ಟು ಇಬ್ಬರ ಅಂಕಗಳನ್ನು ಹೋಲಿಸುವುದುಂಟೇ? ನಮ್ಮ ಖೋ ಖೋ ಆಟವನ್ನೇ ನೋಡಿ. ಎರಡೂ ತಂಡಗಳು ಓಡಬೇಕು, ಎರಡೂ ತಂಡಗಳು ಬೆನ್ನಟ್ಟಬೇಕು. ಹಳ್ಳಿಯ ಶಾಲೆಯ ಹುಡುಗಿಯರಿಗೂ ತಿಳಿದ ಈ ಸರಳ ತತ್ತ್ವವು ಕೋಟಿಗಟ್ಟಲೆ ಡಾಲರುಗಳ ಲೀಗಿಗೆ ಹೊಳೆಯಲು ದಶಕಗಳೇ ಬೇಕಾದವು. ಇಬ್ಬರಿಗೂ ಸರದಿ ಸಿಗಬೇಕೆಂಬ ನಿಯಮ 2022ರಲ್ಲಿ ನಾಕೌಟ್ ಪಂದ್ಯಗಳಿಗೆ ಬಂತು, 2025ರಲ್ಲಿ ಉಳಿದ ಪಂದ್ಯಗಳಿಗೂ ಬಂತು.

"ನಿಯಮ ಇಬ್ಬರಿಗೂ ಮೊದಲೇ ಗೊತ್ತಿತ್ತು" ಎಂಬುದು ಇನ್ನೊಂದು ವಾದ. ಮೊದಲೇ ತಿಳಿಸಿದ ಮಾತ್ರಕ್ಕೆ ನಿಯಮ ಕ್ರಮಬದ್ಧವಾದೀತು, ನ್ಯಾಯಬದ್ಧವಾಗದು. 2019ರ ವಿಶ್ವಕಪ್ ಫೈನಲಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಲಾ 241 ರನ್ ಗಳಿಸಿದವು, ಸೂಪರ್ ಓವರಿನಲ್ಲಿ ತಲಾ 15. ಕೊನೆಗೆ ಬೌಂಡರಿಗಳನ್ನು ಎಣಿಸಿ, 26ಕ್ಕೆ 17 ಎಂದು ಇಂಗ್ಲೆಂಡಿಗೆ ಕಪ್ಪು ಕೊಟ್ಟರು. ಓಡಿ ಗಳಿಸಿದ ರನ್ನು ರನ್ನಲ್ಲವೇ? ಆ ನಿಯಮವೂ ಎಲ್ಲರಿಗೂ ಮೊದಲೇ ತಿಳಿದಿತ್ತು. ಆದರೂ ಕೆಲವೇ ತಿಂಗಳಲ್ಲಿ ಅದನ್ನು ಕೈಬಿಡಬೇಕಾಯಿತು.

ತಿದ್ದಿದ ನಿಯಮದ ಚೆಲುವನ್ನು ನಾವು ನಮ್ಮ ಬೆಂಗಳೂರಿನಲ್ಲಿಯೇ ಕಂಡೆವು. 2024ರ ಜನವರಿ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ, ಅಫ್ಘಾನಿಸ್ತಾನ ತಲಾ 212. ಸೂಪರ್ ಓವರಿನಲ್ಲಿ ತಲಾ 16. ಮತ್ತೊಂದು ಸೂಪರ್ ಓವರ್ ಆಡಿಸಿದರು. ಮೊದಲನೆಯದರಲ್ಲಿ ಅಫ್ಘಾನಿಸ್ತಾನ ಮುಂಚೆ ಬ್ಯಾಟ್ ಮಾಡಿತ್ತು, ಎರಡನೆಯದರಲ್ಲಿ ಭಾರತ. ಸರದಿಯೂ ಅದಲುಬದಲಾಯಿತು. ಭಾರತ ಗೆದ್ದದ್ದು ಆಡಿ, ಎಣಿಸಿ ಅಲ್ಲ.

"ನಮ್ಮವರು ಗೆದ್ದಾಗ ಹೀಗೆನ್ನುವುದು ಸುಲಭ" ಎಂದೀರಿ. ಸೋತಾಗಿನ ಮಾತನ್ನೂ ಹೇಳುತ್ತೇನೆ. ರಣಜಿ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನ ಮುನ್ನಡೆಯೇ ನಿರ್ಣಾಯಕ. 1974ರ ಸೆಮಿಫೈನಲಿನಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 162 ರನ್ ಹೊಡೆದು, ಕರ್ನಾಟಕದ 385ಕ್ಕೆ ಮುಂಬಯಿ 307 ಮಾತ್ರ ಗಳಿಸಿದಾಗ, ಸತತ 15 ವರ್ಷ ಗೆದ್ದಿದ್ದ ತಂಡವನ್ನು ನಾವು ಈ ನಿಯಮದಿಂದಲೇ ಹೊರದೂಡಿದೆವು. ಅದೇ ನಿಯಮ 1982ರ ಫೈನಲಿನಲ್ಲಿ ನಮಗೆ ತಿರುಗಿಬಿತ್ತು. ಕರ್ನಾಟಕ 705 ರನ್ ಗಳಿಸಿಯೂ ಸೋತಿತು. ದೆಹಲಿ 8 ವಿಕೆಟ್ಟಿಗೆ 707 ಮಾಡಿತು! ಅಂದು ಹಳೇನಗರದಲ್ಲಿ ನಾವು ತರುಣರು ಪತ್ರಿಕೆ ಹಿಡಿದು ಹಲ್ಲು ಕಡಿದದ್ದು ನಿಜ. ಆದರೆ ಆ ಸೋಲನ್ನು ನಾನು ಅನ್ಯಾಯವೆನ್ನಲಾರೆ. ನಾವೂ ಬ್ಯಾಟ್ ಮಾಡಿದೆವು, ಅವರೂ ಮಾಡಿದರು. ನಾವೂ ಬೌಲ್ ಮಾಡಿದೆವು, ಅವರೂ ಮಾಡಿದರು. ಎರಡು ರನ್ ಸಾಲದಾದದ್ದು ನಮಗೆ.

ಅದೃಷ್ಟವನ್ನು ಆಟದಿಂದ ಪೂರ್ತಿ ಓಡಿಸಲಾಗದು, ಓಡಿಸಲೂಬೇಕಾಗಿಲ್ಲ. ಇಬ್ಬರಿಗೂ ಸರದಿ ಕೊಟ್ಟರೂ ಎರಡನೆಯವರಿಗೆ ತಮಗೆ ಬೇಕಾದದ್ದೆಷ್ಟೆಂದು ಗೊತ್ತಿರುತ್ತದೆ. ಅಷ್ಟು ಅನುಕೂಲ ಉಳಿದೇ ಉಳಿಯುತ್ತದೆ. ಚುನಾವಣೆಯಲ್ಲಿ ಮತಗಳು ಸಮನಾದರೆ ನಮ್ಮ ಕಾನೂನು ಚೀಟಿ ಎತ್ತಿಸುತ್ತದೆ. ಆದರೆ ಅಲ್ಲಿ ಪ್ರತಿಯೊಂದು ಮತವನ್ನೂ ಎಣಿಸಿದ ಮೇಲೆ, ಬೇರೆ ದಾರಿಯೇ ಇಲ್ಲದಾಗ ಚೀಟಿ ಬರುತ್ತದೆ. ಅರ್ಧ ಪೆಟ್ಟಿಗೆಗಳನ್ನು ತೆರೆಯದೆಯೇ ಚೀಟಿ ಎತ್ತಿದರೆ ನೀವು ಸುಮ್ಮನಿರುವಿರಾ?

ಯಾರು ಮೊದಲು ಆಡಬೇಕೆಂದು ನಾಣ್ಯ ಹೇಳಲಿ. ಯಾರು ಆಡಲೇಬಾರದೆಂದು ಹೇಳುವ ಅಧಿಕಾರ ಅದಕ್ಕಿಲ್ಲ. ನಿಮ್ಮಲ್ಲಿ ಅನೇಕರು ಇಂದು ಕಛೇರಿಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ತೀರ್ಪು ಕೊಡುವ ಸ್ಥಾನದಲ್ಲಿದ್ದೀರಿ. ಸೋತವನು "ನನಗೆ ಸರದಿಯೇ ಬರಲಿಲ್ಲ" ಎನ್ನುವಂತೆ ಮಾತ್ರ ಮಾಡಬೇಡಿ. ಅಮೆರಿಕದ ಶಿಷ್ಯನ ಉತ್ತರಕ್ಕಾಗಿ ಕಾದಿದ್ದೇನೆ. ಈಗ ಅವನ ಸರದಿ.