ಉಸಿರು ಸಲೀಸಾಗಿರುವಾಗಲೇ ಡಾಕ್ಟರ ಬಳಿ ಹೋಗಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕನ್ನಡ ಬಂಧುಗಳೇ, ನಿಮ್ಮ ಮನೆಯಲ್ಲಿ ದಮ್ಮಿನ ಕಾಯಿಲೆಯವರಿದ್ದರೆ ಈ ನಾಲ್ಕು ಮಾತು ಅವರಿಗೂ ಓದಿ ಹೇಳಿ. ನಡುರಾತ್ರಿ ಎದೆ ಸುಂಯ್‌ಗುಡತೊಡಗಿದಾಗ ರಿಕ್ಷಾ ಹುಡುಕಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ನೆಬ್ಯುಲೈಸರ್ ಹಚ್ಚುತ್ತಾರೆ, ಬೆಳಗಾಗುವಷ್ಟರಲ್ಲಿ ಉಸಿರು ಹಗುರಾಗುತ್ತದೆ, ಮನೆಗೆ ಬರುತ್ತೇವೆ. ಆಮೇಲೆ ಡಾಕ್ಟರ ಮುಖ ನೋಡುವುದು ಮತ್ತೆ ಉಸಿರು ಕಟ್ಟಿದಾಗಲೇ. ಈ ರೂಢಿ ಬಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಗೋಡೆ ಬಾತಿರುತ್ತದೆ. ಉಸಿರು ಸರಾಗವಾಗಿದ್ದ ದಿನವೂ ಆ ಬಾವು ಒಳಗೆ ಇದ್ದೇ ಇರುತ್ತದೆ. ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಸಾಲ್ಬುಟಮಾಲ್ ಪಂಪ್ ನಾಳವನ್ನು ನಾಲ್ಕಾರು ತಾಸು ಹಿಗ್ಗಿಸುತ್ತದೆ, ಬಾವು ಇಳಿಸುವುದಿಲ್ಲ. ಬಾವು ಇಳಿಸುವುದು ಸ್ಟೀರಾಯ್ಡ್ ಇರುವ ಇನ್ನೊಂದು ಪಂಪ್. ಸ್ಟೀರಾಯ್ಡ್ ಎಂದೊಡನೆ ಜನ ಹೆದರುತ್ತಾರೆ; ಆದರೆ ಇದು ಮೈಕ್ರೋಗ್ರಾಮ್ ಲೆಕ್ಕದ ಔಷಧ, ಮುಖ್ಯವಾಗಿ ಶ್ವಾಸನಾಳದಲ್ಲೇ ಕೆಲಸ ಮಾಡುವಂಥದ್ದು. ಸಾಲ್ಬುಟಮಾಲ್ ಒಂದನ್ನೇ ನಂಬಿ ಇರಬಾರದೆಂದು ಅಸ್ತಮಾ ಕುರಿತ ಜಾಗತಿಕ ತಜ್ಞರ ಸಂಸ್ಥೆ ‘ಜೀನಾ’ 2019ರಿಂದಲೇ ಹೇಳುತ್ತಿದೆ. 200 ಪಫ್‌ನ ಸಾಲ್ಬುಟಮಾಲ್ ಡಬ್ಬಿ ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ಕಾಯಿಲೆ ಹದ್ದುಬಸ್ತಿನಲ್ಲಿಲ್ಲ ಎಂದೇ ತಿಳಿಯಿರಿ. 2019ರ ಜಾಗತಿಕ ಅಂದಾಜಿನಂತೆ ಪ್ರಪಂಚದ ಅಸ್ತಮಾ ರೋಗಿಗಳಲ್ಲಿ ನಮ್ಮ ದೇಶದವರು ನೂರಕ್ಕೆ ಸುಮಾರು 13. ಅಸ್ತಮಾದಿಂದ ಸಾಯುವವರಲ್ಲಿ ಮಾತ್ರ ನೂರಕ್ಕೆ 40ಕ್ಕೂ ಹೆಚ್ಚು. ಈ ಅಂತರ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಸೀಮೆಯ ಗಾಳಿಯನ್ನೂ ನೋಡಿ. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಊರಿಗೆ ಅನ್ನ ಕೊಟ್ಟ ಅದೇ ಮಗ್ಗದ ಶೆಡ್ಡಿನಲ್ಲಿ ಹತ್ತಿಯ ನವಿರು ಧೂಳು ತೊಲೆಯ ಮೇಲೆ, ದೀಪದ ಮೇಲೆ, ಕಾಂಡಿ ಸುತ್ತುವ ಹೆಂಗಸರ ರೆಪ್ಪೆಯ ಮೇಲೂ ಕೂತಿರುತ್ತದೆ. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ಪೇಟೆ. ಬೇಸಿಗೆ ಬಂತೆಂದರೆ ವರ್ಷದ ಖಾರ ಕುಟ್ಟಿಸಲು ಡಂಕಿನ ಮುಂದೆ ಪಾಳಿ. ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಡುವ ಹೊಗೆ. 2019 ಮತ್ತು 2021ರಲ್ಲಿ ಪಂಚಗಂಗೆ ಮನೆಯೊಳಗೆ ನುಗ್ಗಿ ಇಳಿದ ಮೇಲೆ ಗೋಡೆಗಳು ತಿಂಗಳುಗಟ್ಟಲೆ ತಂಪು ಹಿಡಿದು ಬೂಷ್ಟು ಕಟ್ಟಿದ್ದು ನೆನಪಿರಬೇಕು. ಇವೆಲ್ಲ ದಮ್ಮು ಕೆರಳಿಸುವಂಥವೇ. ಆದ್ದರಿಂದ ಡಾಕ್ಟರಿಗೆ ನಿಮ್ಮ ಕೆಲಸ ಯಾವುದೆಂದು ಮರೆಯದೆ ಹೇಳಿ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತದೆ ಎನ್ನುವವರಿಗೆ ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಬೇರೆ ಕಾಯಿಲೆ ಇರಬಹುದು. ಅದನ್ನು ಪತ್ತೆ ಹಚ್ಚಲು ನಿಮ್ಮ ಆ ಒಂದು ಮಾತು ಬೇಕು.

ತಪಾಸಣೆಯಲ್ಲಿ ಹೆದರುವಂಥದ್ದೇನೂ ಇಲ್ಲ. ಪೀಕ್ ಫ್ಲೋ ಮೀಟರಿನಲ್ಲಿ ಮೂರು ಸಲ ಜೋರಾಗಿ ಊದಿಸಿ ಹೆಚ್ಚು ಬಂದ ಅಂಕಿ ಬರೆದುಕೊಳ್ಳುತ್ತಾರೆ, ಬೇಕಿದ್ದರೆ ಸ್ಪೈರೋಮೆಟ್ರಿ. ರಾತ್ರಿ ಎಚ್ಚರವಾಗುತ್ತದೆಯೇ, ವಾರಕ್ಕೆ ಎಷ್ಟು ಸಲ ಪಂಪ್ ಬೇಕಾಯಿತು ಎಂದು ಕೇಳುತ್ತಾರೆ. ಅದರ ಮೇಲೆ ಔಷಧ ಏರಿಸುವುದು, ಇಳಿಸುವುದು. ಹೌದು, ಇಳಿಸುವುದೂ ಉಂಟು. ನೆಮ್ಮದಿಯಿಂದಿರುವಾಗ ಹೋದವರಿಗಷ್ಟೇ ಆ ಲಾಭ.

ಎಲ್ಲಕ್ಕಿಂತ ಮುಖ್ಯವಾಗಿ, ಡಾಕ್ಟರ ಎದುರಿನಲ್ಲೇ ಪಂಪ್ ಎಳೆದು ತೋರಿಸಿ. ಬಹುಪಾಲು ಜನ ಎಳೆಯುವ ರೀತಿಯೇ ತಪ್ಪು. ಡಬ್ಬಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಪಂಪಿನ ಬಾಯಿಯ ಸುತ್ತ ತುಟಿ ಬಿಗಿಹಿಡಿದು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದುಕೊಂಡು ಹತ್ತು ಎಣಿಸುವವರೆಗೆ ತಡೆಯಬೇಕು. ಬಾಯಿಯ ಮೂಲೆಯಿಂದ ಬಿಳಿ ಮಂಜು ಹೊರಬಂದರೆ ಅಷ್ಟು ಔಷಧ ಗಾಳಿಗೆ ಹೋಯಿತು. ಮಕ್ಕಳಿಗೆ, ಮುದುಕರಿಗೆ ಸ್ಪೇಸರ್ ಬೇಕು. ಸ್ಟೀರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಚಿಕಿತ್ಸೆ ಶುರುವಾಗಿ ಒಂದರಿಂದ ಮೂರು ತಿಂಗಳೊಳಗೆ ಒಮ್ಮೆ, ಆಮೇಲೆ ಡಾಕ್ಟರು ಹೇಳಿದಂತೆ ಮೂರರಿಂದ ಹನ್ನೆರಡು ತಿಂಗಳಿಗೊಮ್ಮೆ ಹೋಗಬೇಕು. ಜೋರಾಗಿ ಉಸಿರು ಕಟ್ಟಿ ಆಸ್ಪತ್ರೆ ಸೇರಿ ಬಂದಿದ್ದರೆ ವಾರದೊಳಗೇ. ಮೃಗಶಿರಾ ದಿನ ಮೀನಿನ ಔಷಧಕ್ಕೆಂದು ಹೈದರಾಬಾದಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಅವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ, ಆದರೆ ಆ ಹೆಸರಿನಲ್ಲಿ ಪಂಪ್ ನಿಲ್ಲಿಸಬೇಡಿ. ಅದರಿಂದ ಜೀವಕ್ಕೇ ಅಪಾಯ.

ಖರ್ಚಿನ ಚಿಂತೆ ನನಗೂ ಗೊತ್ತು. ಮಹಾರಾಷ್ಟ್ರದ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ 2023ರ ಆಗಸ್ಟ್ 15ರಿಂದ ತಪಾಸಣೆ, ಚಿಕಿತ್ಸೆ ಉಚಿತ. ಗಡಹಿಂಗ್ಲಜದವರಿಗೆ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯವರಿಗೆ ಇಂದಿರಾ ಗಾಂಧಿ ಆಸ್ಪತ್ರೆ ಇವೆ. ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು, ಅಲ್ಲಿಯ ಶುಲ್ಕವನ್ನು ಮೊದಲೇ ಕೇಳಿಕೊಳ್ಳಿ. ಮಗ್ಗದ ಮಾಲೀಕರೇ, ತಪಾಸಣೆಗೆ ಹೋದವನ ಅರ್ಧ ದಿನದ ಕೂಲಿ ಕಡಿಯಬೇಡಿ. ಮಗ್ಗ ನಡೆಯುವುದು ಅವನ ಉಸಿರಿನ ಮೇಲೆಯೇ.

ಅಣ್ಣಂದಿರೇ, ಅಕ್ಕಂದಿರೇ, ಈ ವಾರವೇ ಒಂದು ದಿನ ಗೊತ್ತುಮಾಡಿಕೊಳ್ಳಿ. ಹೋಗುವಾಗ ಹಳೆಯ ಚೀಟಿಗಳನ್ನೂ ಈಗ ಬಳಸುತ್ತಿರುವ ಪಂಪುಗಳೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಂದ ಹೊರಡುವ ಮೊದಲು ಮುಂದಿನ ತಪಾಸಣೆಯ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.