ಪ್ರಿಂಟರ್ ಕೆಟ್ಟಿಲ್ಲ, ಬಾಯಿ ಒಣಗಿದೆ ಅಷ್ಟೆ!

ಮಕ್ಕಳ ಪ್ರಾಜೆಕ್ಟ್ ಇದ್ದಾಗ ಮಾತ್ರ ನೆನಪಾಗುವ ವಸ್ತು ಅಂದ್ರೆ ಮನೆಯ ಇಂಕ್‌ಜೆಟ್ ಪ್ರಿಂಟರ್. ಎರಡು ತಿಂಗಳು ಮುಟ್ಟದೆ ಬಿಟ್ಟು ಆನ್ ಮಾಡಿದ್ರೆ ಹಾಳೆ ತುಂಬಾ ಬಿಳಿ ಗೆರೆಗಳು. ಆಗ ಹೆಚ್ಚಿನವರು ಮಾಡೋದೇನು? ‘ಹೆಡ್ ಕ್ಲೀನಿಂಗ್’ ಒತ್ತೋದು. ಸರಿಹೋಗಲಿಲ್ವಾ, ಮತ್ತೆ ಮತ್ತೆ ಒತ್ತೋದು.

ನನ್ನ ಪ್ರಕಾರ ಇದು ರಿಪೇರಿಯಲ್ಲ, ದುಂದು. ಇಂಕಿನಲ್ಲಿ ಹೆಚ್ಚಿನ ಪಾಲು ನೀರು. ಕೂದಲಿಗಿಂತ ಸಣ್ಣ ನಾಜಲ್‌ಗಳಲ್ಲಿ ಆ ನೀರು ಆರಿದರೆ ಬಣ್ಣ ಗಟ್ಟಿಯಾಗಿ ಕೂರುತ್ತೆ. ಕ್ಲೀನಿಂಗ್ ಅಂದ್ರೆ ದುಡ್ಡು ಕೊಟ್ಟು ತಂದ ಇಂಕನ್ನೇ ಅದರ ಮೂಲಕ ಎಳೆದು ಚೆಲ್ಲೋದು. ಚೆಲ್ಲಿದ್ದನ್ನು ಹೀರುವ ಪ್ಯಾಡ್ ತುಂಬಿದರೆ ಎಷ್ಟೋ ಪ್ರಿಂಟರುಗಳು ಕೆಲಸವನ್ನೇ ನಿಲ್ಲಿಸಿಬಿಡುತ್ತವೆ!

ಎರಡು ಸಲ ಕ್ಲೀನ್ ಮಾಡಿ, ನಾಜಲ್ ಚೆಕ್ ಪ್ರಿಂಟ್ ತೆಗೆದು ನೋಡಿ. ಆಗಲಿಲ್ಲವಾದ್ರೆ ಆಫ್ ಮಾಡಿ ರಾತ್ರಿಯಿಡೀ ಬಿಡಿ. ಗಟ್ಟಿಯಾದದ್ದು ಎಷ್ಟೋ ಸಲ ತಾನೇ ಸಡಿಲವಾಗುತ್ತೆ. ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ, ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯ ಮೇಲೆ ನಾಜಲ್ ಭಾಗವನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಮಾತು: ಗೋಡೆಯ ಸ್ವಿಚ್ ಆರಿಸಬೇಡಿ, ಮೊದಲು ಪ್ರಿಂಟರಿನ ಬಟನ್ ಒತ್ತಿ. ಹಾಗೆ ಮಾಡಿದರೇ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳೋದು.

ವಾರಕ್ಕೊಂದು ಬಣ್ಣದ ಪುಟ ತೆಗೆದರೆ ಈ ತಾಪತ್ರಯ ಬಹುಪಾಲು ತಪ್ಪುತ್ತೆ. ಅಷ್ಟೂ ಆಗದವರಿಗೆ ಲೇಸರ್ ಪ್ರಿಂಟರೇ ಸರಿ. ಟೋನರ್ ಪುಡಿ, ಒಣಗುವ ಮಾತೇ ಇಲ್ಲ. ತಿಂಗಳಿಗೆ ನಾಲ್ಕು ಹಾಳೆ ಸಾಕೆನ್ನುವವರಿಗೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಇದ್ದೇ ಇದೆ. ಇಷ್ಟನ್ನು ಮಾರುವವರು ಮೊದಲೇ ಹೇಳಿದ್ರೆ, ಚೆನ್ನಾಗಿರೋ ಎಷ್ಟೋ ಪ್ರಿಂಟರುಗಳು ಗುಜರಿ ಸೇರೋದು ತಪ್ಪುತ್ತಿತ್ತು. ಏನಂತೀರಿ?